ಬಣ್ಣದ ಮನೆಗೆ ಸುಣ್ಣ

ಎಸ್ತರಮ್ಮನ ಮನೆಯಲ್ಲಿ ಜಗಳ ಯಾವಾಗಲೂ ರೊಟ್ಟಿಯಿಂದಲೇ ಶುರುವಾಗುತ್ತಿತ್ತು. ನವೆಂಬರಿನ ಆ ಭಾನುವಾರವೂ ಹಾಗೆಯೇ ಆಯಿತು.

“ಎಂಟು ರೊಟ್ಟಿ ಬಡದು ಇಟ್ಟೀನಿ, ಪುಂಡಿಪಲ್ಯಾ ಆರಿ ಕಲ್ಲಾಗ್ಯದ. ನಿಮ್ಮ ಮಾವ ಎಲ್ಲಿ ಹ್ವಾದ್ರು?”

“ಇನ್ನೆಲ್ಲಿ ಹೋಗ್ತಾರತ್ತಿ, ಥೇಟರಕ್ಕ,” ಎಂದಳು ಸೊಸೆ ಸುಜಿ. ಅವಳು ಖಾಸಗಿ ಶಾಲೆಯೊಂದರಲ್ಲಿ ಟೀಚರು. ರಜೆಯ ದಿನವೂ ಅವಳ ಮಡಿಲಲ್ಲಿ ಯಾರದೋ ಮಕ್ಕಳ ನೋಟ್‌ಬುಕ್ಕು ಇರುತ್ತಿತ್ತು.

“ಹಂಗಾದ್ರ ಹಾಸಗೀನೂ ಅಲ್ಲೇ ಕಳಸಿಬಿಡು. ನಾ ಯಾರ ಸಲುವಾಗಿ ಒಲಿ ಮುಂದ ಕೂಡ್ಲಿ?”

ಬಾಯಿ ಹೀಗೆ ಅನ್ನುತ್ತಿದ್ದರೆ ಕೈ ಡಬ್ಬಿ ತುಂಬುತ್ತಿತ್ತು. ನಾಲ್ಕು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಮೊಮ್ಮಗಳು ಜೆನಿಫರ ಆ ಡಬ್ಬಿ ಹಿಡಿದು ಓಡುವಳು, ಅರ್ಧ ತಾಸಿಗೆ ಖಾಲಿ ಡಬ್ಬಿ ತಂದು ಕುಕ್ಕುವಳು, “ಹಿಂಡಿ ಖಾರಾ ಆಗ್ಯದಂದ್ರು ತಾತ” ಎಂದು ಚಾಡಿ ಹೇಳುವಳು. ಎರಡು ವರ್ಷದಿಂದ ಗಂಡಹೆಂಡಿರ ನಡುವೆ ಓಡಾಡಿದ ಮಾತೆಂದರೆ ಬಹುಮಟ್ಟಿಗೆ ಇಷ್ಟೇ.

ಥೇಟರೆಂದರೆ ಭಾಲ್ಕಿಯ ಸ್ಟೇಷನ್ನಿನಿಂದ ಊರೊಳಗೆ ಬರುವಾಗ ಎಡಕ್ಕೆ ಕಾಣುವ ಉದ್ದನೆಯ ಕಟ್ಟಡ. ತುಕ್ಕು ಹಿಡಿದ ತಗಡು, ಹನ್ನೆರಡು ಕಲ್ಲಿನ ಕಂಬ, ಆಚೆ ತುದಿಗೆ ರಂಗ, ರಂಗದ ಹಿಂದೆ ನಟರು ಬಣ್ಣ ಹಚ್ಚಿಕೊಳ್ಳುವ ಒಂದು ಕೋಣೆ. ನಿಜಾಮರ ಕಾಲದಲ್ಲಿ ಊರ ಮಂದಿಯೇ ಸೇರಿ ಕಟ್ಟಿದ್ದು. ತೊಗರಿ ವ್ಯಾಪಾರದವರು ತೊಲೆ ಕೊಟ್ಟರು, ಈಗ ಊರಲ್ಲಿ ಗೋಡೆ ಕಟ್ಟುವ ಗೌಂಡಿ ಆಸಿಫನ ಮುತ್ತಜ್ಜ ಗೋಡೆ ಎಬ್ಬಿಸಿದ, ಚರ್ಚಿನ ಓಣಿಯ ಬಡಗಿಗಳು ರಂಗದ ಹಲಗೆ ಕೂಡಿಸಿದರು. ಕಾಗದ ಮಾತ್ರ ಯಾರೂ ಮಾಡಿಸಲಿಲ್ಲ. ಊರದ್ದನ್ನು ಊರಿಗೇ ಬರೆದುಕೊಡುವುದೇನು ಬಂತು ಎಂದು ಬಿಟ್ಟರು. ನಾಟಕ ನಿಂತ ಮೇಲೆ ಅದು ತೊಗರಿಯ ಗೋದಾಮಾಯಿತು, ಚುನಾವಣೆಯ ಪೆಟ್ಟಿಗೆ ಇಡುವ ಜಾಗವಾಯಿತು, ಆಮೇಲೆ ಪಾರಿವಾಳಗಳದಾಯಿತು.

ಸುಂದರರಾಜ ಮಾಸ್ತರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಮೇಲೆ ಆ ಬೀಗದ ಕೀಲಿಯನ್ನು ಹೇಗೋ ದೊರಕಿಸಿಕೊಂಡು ಮನೆಯ ಗೋಡೆಯ ಮೊಳೆಗೆ ತೂಗುಹಾಕಿದ್ದರು. ಬೀದರಿನಲ್ಲಿ ಹಳೆಯ ಕಟ್ಟಡಗಳ ದುರಸ್ತಿ ನೋಡುವ ಒಂದು ಕಚೇರಿ. ಅಲ್ಲಿಗೆ ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ. ಕೊನೆಗೆ ಅವರು ಒಪ್ಪಿದ್ದರು: ಕಟ್ಟಡ ನಿಜಾಮರ ಕಾಲದ್ದೆಂದು ಕಣ್ಣಾರೆ ಕಂಡರೆ ದುರಸ್ತಿ ಮಾಡಿಸುತ್ತೇವೆ, ಡಿಸೆಂಬರ್ ಹನ್ನೆರಡಕ್ಕೆ ಬಂದು ನೋಡುತ್ತೇವೆ. ಹಳೆಯದಲ್ಲವೆಂದಾದರೆ ಅದನ್ನು ಕೆಡವಿ ಅಲ್ಲಿ ಇಪ್ಪತ್ತು ಅಂಗಡಿ ಕಟ್ಟುವ ಯೋಜನೆ ಊರಲ್ಲಿ ತಯಾರೇ ಇತ್ತು. ಅಂಗಡಿ ಬೇಕೆಂದವರ ಪಟ್ಟಿಯಲ್ಲಿ ಮಾಸ್ತರ ಮಗ ಆಲ್ವಿನನ ಹೆಸರೂ ಇತ್ತು. ಬೆಂಕಿ ಬಿದ್ದದ್ದು ಅಲ್ಲೇ.

“ಪಪ್ಪಾ, ಖರೆ ಹೇಳ್ರಿ,” ಎಂದ ಆಲ್ವಿನ ಆ ಸಂಜೆ ಊಟಕ್ಕೆ ಕೂತು. “ನಾಳಿಗಿ ಅದು ದುರಸ್ತಿ ಆಯ್ತು ಅಂತ ಹಿಡೀರಿ. ನಾಟಕಾ ಯಾರ್ ಆಡ್ತಾರ? ಯಾರ್ ನೋಡ್ತಾರ?”

“ನೀ ಬರಬ್ಯಾಡ ಬಿಡು.”

“ನಾ ಬರಂಗಿಲ್ಲ ಅಂತ ನಾನೂ ಹೇಳ್ಲಕತ್ತೀನಿ. ಅಲ್ಲಿ ಇಪ್ಪತ್ತ ಅಂಗಡಿ ಆಗ್ತಾವ. ಇಪ್ಪತ್ತ ಮನಿ ಉಣ್ತಾವ.”

“ಇಪ್ಪತ್ತ ಮನಿ ಉಣ್ತಾವಪ್ಪ. ಊರ ಉಪಾಸ ಬೀಳ್ತದ.”

“ನೋಡ್ ಮಮ್ಮಿ. ಉಣ್ಣಲಿಕ್ಕಿ ಕುಂತಾಗೂ ಡೈಲಾಗೇ.”

“ಇಬ್ರೂ ಬಾಯಿ ಮುಚ್ಚಿ ಉಣ್ರಿ,” ಎಂದಳು ಎಸ್ತರಮ್ಮ. “ಬ್ಯಾಳಿ ಆರ್ತದ.”

ಆಲ್ವಿನನದೂ ತಪ್ಪೆನ್ನುವಂತಿರಲಿಲ್ಲ. ಬಸ್ ಸ್ಟ್ಯಾಂಡಿನ ಬದಿಗೆ ಗಟಾರದ ಮೇಲೆ ಹಲಗೆ ಹಾಕಿ, ಅದರ ಮೇಲೊಂದು ತಗಡಿನ ಡಬ್ಬಾ ಇಟ್ಟು ಮೊಬೈಲ್ ರಿಪೇರಿ ಮಾಡುತ್ತಿದ್ದ. ಮೂರು ಸಲ ಡಬ್ಬಾ ಎತ್ತಿಸಿದ್ದರು. ನಾಲ್ಕನೇ ಸಲ ಎಲ್ಲಿಡುವುದು? ಎಸ್ತರಮ್ಮ ಸರಕಾರಿ ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು. ಯಾರ ನೋವು ದೊಡ್ಡದು ಎಂದು ನೋಡಿದಾಕ್ಷಣ ಹೇಳಬಲ್ಲೆ ಎನ್ನುತ್ತಿದ್ದಳು. ಮಗನದು ಮತ್ತು ಗಂಡನದು ಎದುರೆದುರು ಕೂತಾಗ ಮಾತ್ರ ಹೇಳಲು ಆಗುತ್ತಿರಲಿಲ್ಲ.

ಅವಳು ಆ ಥೇಟರಿನೊಳಗೆ ಕಾಲಿಟ್ಟವಳೇ ಅಲ್ಲ. ಮದುವೆಯಾದ ವರ್ಷ ಮಾಸ್ತರು ತಮ್ಮ ನಾಟಕಕ್ಕೆ ಕರೆದಿದ್ದರು. “ಮುಖಕ್ಕ ಬಣ್ಣಾ ಬಡಕೊಂಡ ಗಂಡಗ ನೋಡ್ಲಿಕ್ಕಿ ನಾ ಬರಂಗಿಲ್ಲ” ಎಂದಿದ್ದಳು. ಹೊಸ ಹುಡುಗಿ, ಬೀದರಿನ ಕಟ್ಟುನಿಟ್ಟಿನ ಮನೆತನದವಳು, ಬಾಯಿಗೆ ಬಂದದ್ದು ಅಂದುಬಿಟ್ಟಿದ್ದಳು. ಮಾಸ್ತರು ಮತ್ತೆ ಕರೆಯಲಿಲ್ಲ. ಆಮೇಲೆ ಥೇಟರಿನ ಒಳಗೇನಿದೆ, ಅದರ ರೀತಿಯೇನು, ರಿವಾಜೇನು ಎಂದು ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಅವಳೂ ಕೇಳಲಿಲ್ಲ. ಹೀಗೆ ಮೂವತ್ತೇಳು ವರ್ಷ ಹೋಯಿತು.

ಡಿಸೆಂಬರ್ ಬಂತು. ಚರ್ಚಿನ ಓಣಿಯಲ್ಲಿ ಡಿಸೆಂಬರ್ ಎಂದರೆ ಸುಣ್ಣ. ಕ್ರಿಸ್ಮಸ್ಸಿಗೆ ಮೊದಲು ಮನೆಮನೆಗೂ ಸುಣ್ಣ ಆಗಬೇಕು. ವರ್ಷದ ಕೊನೆಯ ದಿನ ಸುಂದರರಾಜ ಮಾಸ್ತರು ಸ್ಟೂಲು ಹೊತ್ತು ಬಂದು ಪ್ರತಿ ಮನೆಯ ಬಾಗಿಲ ಮೇಲೆ ಕೆಮ್ಮಣ್ಣಿನಲ್ಲಿ ಹೊಸ ವರ್ಷದ ವಚನ ಬರೆಯಬೇಕು. ಬೈಬಲ್ಲಿನ ಒಂದು ಸಾಲು, ಅಚ್ಚಿನಂಥ ಅಕ್ಷರ. ಇಡೀ ಓಣಿ ಅವರ ಕೈಬರಹದ ಕೆಳಗೇ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

ಸುಣ್ಣದ ವಿಷಯದಲ್ಲಿ ಎಸ್ತರಮ್ಮನದು ಹಟ. ಸುಣ್ಣ ಹೊಡೆಯುವ ಜನಾಬಾಯಿ ಪ್ರತಿ ವರ್ಷ ಗೊಣಗುತ್ತಿದ್ದಳು: “ಸಿಸ್ಟರಬಾಯಿ, ಮಂದಿ ಮ್ಯಾಲಿಂದ ಮ್ಯಾಲ ಹೊಡಿಸ್ಕೋತಾರ. ನಿಮ್ಮ ಮನಿದೊಂದೇ ಇದು.”

“ಕೆರೀದೆ ಸುಣ್ಣಾ ಹೊಡ್ಯೋದು ಅಂದ್ರ ಗಾಯಾ ತೊಳೀದೆ ಪಟ್ಟಿ ಕಟ್ಟಿದಂಗ. ಕೆರಿ.”

ಆ ವರ್ಷವೂ ಕಬ್ಬಿಣದ ಪಟ್ಟಿಯಿಂದ ಕೆರೆಸಿ, ತೊಳೆಸಿ, ತೂತಿಗೆ ಗಚ್ಚು ತುಂಬಿಸಿ, ಎರಡು ಕೈ ಸುಣ್ಣ ಕೊಡಿಸಿದಳು. ಮನೆ ಬೆಳ್ಳಗೆ ನಗುತ್ತಿತ್ತು. ಅದು ಡಿಸೆಂಬರ್ ಏಳನೇ ತಾರೀಖು.

ಒಂಬತ್ತಕ್ಕೆ ಜೆನಿಫರಳಿಗೆ ಜ್ವರ. ಡಬ್ಬಿ ಒಯ್ಯುವವರಿಲ್ಲದೆ ಎಸ್ತರಮ್ಮನೇ ಒಯ್ದಳು. ಥೇಟರಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅರವತ್ತೆಂಟರ ಮುದುಕ ಏಣಿಯ ಮೇಲೆ ನಿಂತು, ಮೂಗಿಗೆ ಟವೆಲು ಕಟ್ಟಿಕೊಂಡು, ಉದ್ದ ಕಸಬರಿಗೆಯಿಂದ ಜೇಡರ ಬಲೆ ತೆಗೆಯುತ್ತಿದ್ದ. ಕೆಮ್ಮು ಬಂದರೆ ಏಣಿ ತಬ್ಬಿಕೊಳ್ಳುವುದು, ನಿಂತ ಮೇಲೆ ಮತ್ತೆ ಕಸಬರಿಗೆ ಎತ್ತುವುದು. ಸಹಾಯಕ್ಕೆ ಒಂದು ನರಪಿಳ್ಳೆಯೂ ಇರಲಿಲ್ಲ. ಎಸ್ತರಮ್ಮ ಕೂಗಲಿಲ್ಲ. ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಬಂದುಬಿಟ್ಟಳು.

“ಏನಾಯ್ತತ್ತಿ? ಮುಖಾ ಯಾಕ ಹಂಗ ಮಾಡೀರಿ?” ಎಂದು ಸುಜಿ ಕೇಳಿದಳು.

“ಏನಿಲ್ಲ. ಧೂಳ.”

ಮರುದಿನ ಬೆಳಿಗ್ಗೆ ಮಾಸ್ತರು ಔರಾದಕ್ಕೆ ಹೊರಟರು. “ಒಬ್ಬ ಹಿರೀ ಮನಷಾಗ ಕರಕೊಂಡು ಬರಬೇಕಾಗ್ಯದ. ನಾಳಿ ಸಂಜಿಗಿ ಬರ್ತೇನಿ. ಅವರೂ ನಮ್ಮಲ್ಲೇ ಉಣ್ತಾರ,” ಎಂದರು. ಯಾರು, ಯಾಕೆ ಎಂದು ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೇನೋ. ಎಸ್ತರಮ್ಮನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಬಸ್ಸು ಹೋದ ಸದ್ದು ಕೇಳಿದ್ದೇ ತಡ, ಮೊಳೆಯಿಂದ ಕೀಲಿ ತೆಗೆದು ಜನಾಬಾಯಿಯ ಮನೆಗೆ ಹೋದಳು.

“ಎರಡ ದಿನದ ಕೆಲಸ ಅದ. ದೊಡ್ಡ ಸಾಹೇಬ್ರು ನೋಡ್ಲಿಕ್ಕಿ ಬರ್ತಾರ. ಮಾಸ್ತರಿಗಿ ಹೇಳಬ್ಯಾಡ.”

“ಯವ್ವಾ, ಇದೇನ್ರಿ ಸಿಸ್ಟರಬಾಯಿ,” ಜನಾಬಾಯಿ ಸೆರಗು ಬಾಯಿಗಿಟ್ಟು ನಕ್ಕಳು. “ಈ ವಯಸ್ಸಿನಾಗ ಗಂಡಗ ಕದ್ದು ಇನಾಮ ಕೊಡ್ಲಕತ್ತೀರಿ?”

“ಬಾಯಿ ಬ್ಯಾಡ, ಬಕೆಟ್ ಹಿಡಿ.”

ಮೊದಲ ದಿನ ಕಂಬಗಳಾದವು, ಹೊರಗೋಡೆಯ ಮುಂಭಾಗವಾಯಿತು. ಎಸ್ತರಮ್ಮ ಸೀರೆ ಎತ್ತಿಕಟ್ಟಿ ತಾನೂ ಕುಂಚ ಹಿಡಿದಳು. ಎರಡನೇ ದಿನ ಹಿಂದಿನ ಕೋಣೆ. ಅಷ್ಟು ಹೊಲಸು ಕೋಣೆ ಅವಳು ಕಂಡಿರಲಿಲ್ಲ. ಗ್ಯಾಸ್‌ಬತ್ತಿಯ ಮಸಿ, ಎಣ್ಣೆಯ ಕೈಗುರುತು, ಗೋಡೆಯ ತುಂಬ ಕೆಂಪಗೆ ಗೀಚಿದ್ದು. ಕೆಳಗಿನ ಸಾಲುಗಳು ಉರ್ದು, ಕೆಲವು ಹಳೆಯ ಮರಾಠಿಯ ಸುರುಳಿ ಅಕ್ಷರ. ಅವು ಅವಳಿಗೆ ತಿಳಿಯಲಿಲ್ಲ. ಎದೆಯ ಮಟ್ಟದಲ್ಲಿ ಕನ್ನಡದ್ದೊಂದು ಕಂಡಿತು. ಕನ್ನಡಕ ಸರಿಮಾಡಿಕೊಂಡು ಓದಿದಳು: ‘ಬಕ್ಕಪ್ಪ, ಚಂದ್ರಕಲಾ’.

“ನೋಡು, ನಾಚಿಕಿಗೇಡಿಗೋಳು,” ಎಂದಳು. “ಹೆಣ್ಣ ಹುಡುಗ್ಯಾರ ಹೆಸರ ತಂದು ಗ್ವಾಡಿಗಿ ಹಚ್ಯಾರ. ಬೀದರ ಕೋಟ್ಯಾಗೂ ಹಿಂಗೇ ಗೀಚ್ಯಾರ. ನಾಳಿಗಿ ಸಾಹೇಬ್ರು ಇದನ್ನ ನೋಡಬೇಕಾ?”

ಜನಾಬಾಯಿಗೆ ಓದಲು ಬಾರದು. ಆದರೂ ತಲೆ ತುರಿಸಿಕೊಂಡಳು. “ಭಾಳ ಹಳೇದು ಇದ್ದಂಗ ಅದರಿ. ಇರ್ಲಿ ಬಿಡ್ರಿ, ಮ್ಯಾಲೇ ಸುಣ್ಣಾ ಬಡೀತೀನಿ. ಮುಚ್ಚಿ ಹೋಗ್ತದ.”

“ನಾಕ ದಿನಕ್ಕ ಕೆಂಪ ಮ್ಯಾಲ ಬರ್ತದ. ಪಟ್ಟಿ ತಾ ಇಲ್ಲಿ.”

ಆ ಹೆಸರನ್ನು ಎಸ್ತರಮ್ಮ ತನ್ನ ಕೈಯಿಂದಲೇ ಕೆರೆದಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಗೋಡೆ ಬರಿಗಚ್ಚು ಕಾಣುವಂತೆ ಆಗಿದ್ದವು. ತೊಳೆದರು. ಒಣಗುವಷ್ಟರಲ್ಲಿ ಇಬ್ಬರೂ ರಂಗದ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿಂದರು. ಆಮೇಲೆ ಎರಡು ಕೈ ಸುಣ್ಣ. ಕೆರೆದ ಕೆಂಪು ಪುಡಿಯನ್ನು ಜನಾಬಾಯಿ ಬುಟ್ಟಿಯಲ್ಲಿ ತುಂಬಿ ಹೊರಗಿನ ಗಟಾರಕ್ಕೆ ಸುರಿದಳು.

ಸಂಜೆಗೆ ಔರಾದದ ಬಸ್ಸಿನಿಂದ ಮಾಸ್ತರು ಇಳಿದರು. ಜೊತೆಗೆ ಒಬ್ಬ ಅಜ್ಜ. ಕಂಬಳಿ, ಕೋಲು, ಕಿವಿಯಲ್ಲಿ ಸಣ್ಣ ಬಂಗಾರದ ಮುರುವು. ಎಂಬತ್ತಾರು ದಾಟಿದ ದೇಹ, ನಡಿಗೆಯಲ್ಲಿ ಮಾತ್ರ ಏನೋ ಒಂದು ಒಯ್ಯಾರ. ಕುರಿ ಕಾಯುವ ಮನೆತನ. ಹಜಾರದಲ್ಲಿ ಚಾಪೆಯ ಮೇಲೆ ಕೂತು ಬಿಸಿ ರೊಟ್ಟಿ ಮುರಿಯುತ್ತ ಆತ ಮಾತಿಗೆ ಕೂತ.

“ಭಾಳ ಚಲೋ ಆಗ್ಯಾವ ರೊಟ್ಟಿ, ತಂಗಿ. ನನಗ ಹಲ್ಲಿಲ್ಲ, ಆದ್ರೂ ಹೋಗ್ಲಕತ್ತಾವ.”

“ಹಾಲಾಗ ನೆನಸಿ ಕೊಡ್ಲೇನ್ರಿ ಅಜ್ಜಾ?”

“ಬ್ಯಾಡವ್ವ. ನಾ ಒಮ್ಮೆ ರಾಣಿ ಇದ್ದಾಕಿ, ರಾಣಿ ಹಂಗೇ ಉಣ್ತೀನಿ.”

ಜ್ವರದಿಂದೆದ್ದ ಜೆನಿಫರ ಕಿಸಕ್ಕನೆ ನಕ್ಕಳು. “ಅಜ್ಜಾ, ನೀವು ರಾಣಿ?”

“ಹೂಂ ಮತ್ತ. ಈ ಊರ ಥೇಟರದಾಗ ಹೆಣ್ಣ ಪಾರ್ಟ ಮಾಡಬೇಕಂದ್ರ ಈ ಬಕ್ಕಪ್ಪಂದೇ. ಚಂದ್ರಕಲಾ ಅಂತ ರಾಣಿ ಪಾರ್ಟ. ನಾ ಅಳ್ಲಿಕ್ಕಿ ಸುರು ಮಾಡಿದ್ರ ತೊಗರಿ ಸಾವ್ಕಾರ್ರೂ ಅಳ್ತಿದ್ರು.”

ಒಲೆಯ ಮುಂದೆ ಎಸ್ತರಮ್ಮನ ಕೈ ರೊಟ್ಟಿಯ ಮೇಲೇ ನಿಂತಿತು.

“ಅಲ್ಲಿ ಒಂದು ರಿವಾಜ ಇತ್ತವ್ವ,” ಅಜ್ಜ ಮುಂದುವರಿಸಿದ. “ಯಾರೇ ಮೊದಲನೇ ಸಲ ಪಾರ್ಟ ಮಾಡ್ಲಿ, ನಾಟಕ ಮುಗಿದ ಮ್ಯಾಲ ಬಣ್ಣದ ಮನಿ ಗ್ವಾಡಿಗಿ ತನ್ನ ಹೆಸರು, ಪಾರ್ಟಿನ ಹೆಸರು ಕೆಮ್ಮಣ್ಣಿಲೆ ಬರೀಬೇಕು. ಕೆಳಗಿನ ಸಾಲು ನಮ್ಮ ಹಿರೇರದು. ಫಸಲಿ ಸನ, ಅಂದ್ರ ನಿಜಾಮ್ರ ಕಾಲದ ವರ್ಷ ಹಾಕಿ ಬರದಾರ. ಮಂದಿ ಮನಿಗೆಲ್ಲಾ ಸುಣ್ಣಾ ಆಗ್ತಿತ್ತು, ಬಣ್ಣದ ಮನಿಗಿ ಮಾತ್ರ ಸುಣ್ಣ ಇಲ್ಲ. ಅದಕ್ಕ ಇನ್ನಾ ಉಳದದ.”

“ನಾಳಿ ಸಾಹೇಬ್ರಿಗಿ ತೋರ್ಸೋದು ಅದೇ,” ಎಂದರು ಮಾಸ್ತರು. ಮುಖ ಬೆಳಗುತ್ತಿತ್ತು. “ಫೋಟೋ ಕಳಸಿದ್ದೆ. ಫೋಟೋದಾಗ ನಿನ್ನೆ ಬರದದ್ದೂ ಹಳೇದೇ ಕಾಣ್ತದ, ನಾವೇ ಬಂದು ಬಣ್ಣಾ ಪರೀಕ್ಷಾ ಮಾಡ್ತೀವಿ ಅಂದ್ರು. ಮಾಡ್ಲಿ. ಬರದವ್ರೇ ಬಂದು ನಿಂತ್ರ ಇನ್ನೇನ್ ಬೇಕು?”

ತವೆಯ ಮೇಲಿನ ರೊಟ್ಟಿ ಕರಿದಾಗಿ ಹೊಗೆಯೆದ್ದಿತು. ಸುಜಿ ಓಡಿಬಂದು ತೆಗೆದಳು.

“ಅತ್ತಿ?”

“ಕೆರದೀನಿ,” ಎಂದಳು ಎಸ್ತರಮ್ಮ, ಪಿಸುಮಾತಿನಲ್ಲಿ. “ಎಲ್ಲಾ ಕೆರದೀನಿ, ಸುಜಿ.”

ಸುಜಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. “ಈಗೇ ಹೇಳ್ರಿ. ಮಾವಗ ಈಗೇ ಹೇಳಿಬಿಡ್ರಿ. ಸಾಹೇಬರಿಗಿ ಬರಬ್ಯಾಡ್ರಿ ಅಂತ ಫೋನರ ಮಾಡ್ತಾರ.”

ಎಸ್ತರಮ್ಮ ಹಜಾರದ ಬಾಗಿಲವರೆಗೆ ಹೋದಳು. ಮಾಸ್ತರು ತಮ್ಮ ತಟ್ಟೆಯ ಹಿಂಡಿಯನ್ನು ಅಜ್ಜನ ತಟ್ಟೆಗೆ ಹಾಕುತ್ತ ಏನೋ ಹೇಳಿ ನಗುತ್ತಿದ್ದರು. ಮನೆಯಲ್ಲಿ ಅವರು ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತು. “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎಂದು ಕೇಳಿ ಅವಳು ತಿರುಗಿ ಬಂದಳು.

ಹನ್ನೆರಡನೇ ತಾರೀಖು, ಹನ್ನೊಂದು ಗಂಟೆ. ಬೀದರಿನಿಂದ ಅಮಿತಕುಮಾರ ಎಂಬ ಅಧಿಕಾರಿ ಬಂದ. ಮೂವತ್ತರ ಆಸುಪಾಸಿನ ಸಭ್ಯ ಹುಡುಗ. ಜೊತೆಗೆ ಕ್ಯಾಮೆರಾದವನು, ಸಣ್ಣ ಪೆಟ್ಟಿಗೆ ಹಿಡಿದ ಇನ್ನೊಬ್ಬ. ಊರ ಕಡೆಯಿಂದ ದಾಲ್ ಮಿಲ್ಲಿನ ಏಕನಾಥ ಮತ್ತು ನಾಲ್ಕೈದು ಮಂದಿ. ಅಂಗಡಿಗಳ ಯೋಜನೆಗೆ ಏಕನಾಥನೇ ಮುಂದಾಳು. ಆಲ್ವಿನನೂ ಅವರ ಹಿಂದೆ ಬಂದು ನಿಂತಿದ್ದ, ಎಸ್ತರಮ್ಮ ಎಲ್ಲರಿಗಿಂತ ಹಿಂದೆ.

ಮಾಸ್ತರು ಇಸ್ತ್ರಿಯ ಕೋಟು ಹಾಕಿದ್ದರು. ಬೀಗ ತೆಗೆದು ಒಳಗೆ ಕಾಲಿಟ್ಟು ನಿಂತರು. ಹನ್ನೆರಡು ಕಂಬವೂ ಬೆಳ್ಳಗೆ ನಿಂತಿದ್ದವು, ನೆಲ ತೊಳೆದಿತ್ತು. ಅವರು ಮೆಲ್ಲನೆ ತಿರುಗಿ, ಇಷ್ಟು ಮಂದಿಯ ನಡುವೆ ಹೆಂಡತಿಯನ್ನು ಹುಡುಕಿ, ನೋಡಿದರು. ನಕ್ಕರು. ಆ ನಗೆಯನ್ನು ಎಸ್ತರಮ್ಮ ಮೊದಲು ಕಂಡದ್ದು ಮದುವೆಯ ದಿನ.

ಆಮೇಲೆ ಅವರ ಮೂಗಿಗೆ ಹಸಿ ಸುಣ್ಣದ ವಾಸನೆ ಹಿಂದಿನ ಕೋಣೆಯ ಕಡೆಯಿಂದಲೂ ಬಂದಿರಬೇಕು. ನಗೆ ಹಾಗೆಯೇ ಇತ್ತು, ಕಾಲು ಮಾತ್ರ ಅವಸರ ಮಾಡಿದವು.

ಎಲ್ಲರೂ ಒಳಗೆ ಹೋದರು. ಬಿಳಿ ಗೋಡೆ. ನಾಲ್ಕೂ ಬಿಳಿ. ಬಕ್ಕಪ್ಪಜ್ಜ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಗೋಡೆ ಸವರುತ್ತ ಹೋದ.

“ಇಲ್ಲೇ ಇತ್ತಲ್ಲೋ ಮಾಸ್ತರ. ನನ್ನ ಎದಿ ಮಟ್ಟಕ್ಕ.” ಅಜ್ಜ ಸ್ವಲ್ಪ ಮೇಲೆ ಸವರಿದ, ಇನ್ನೂ ಸ್ವಲ್ಪ ಮೇಲೆ. “ಈಗ ನಾನೇ ಕುಗ್ಗೀನೇನು?”

ಪೆಟ್ಟಿಗೆಯವನು ಮೂಲೆಯಲ್ಲಿ ಒಂದಿಷ್ಟು ಸುಣ್ಣ ಉಜ್ಜಿ ನೋಡಿ ತಲೆಯಾಡಿಸಿದ. “ಕೆಳಗ ಏನೂ ಇಲ್ರಿ ಸರ್. ಕೆರದು ಬಡದಾರ.”

“ಯಾರ್ ಹೊಡಿಸಿದ್ರಿ ಈ ಸುಣ್ಣಾ?” ಎಂದ ಅಮಿತಕುಮಾರ.

ಎಸ್ತರಮ್ಮ ಬಾಯಿ ತೆರೆದಳು.

“ನಾನೇರಿ,” ಎಂದರು ಮಾಸ್ತರು. “ಕ್ರಿಸ್ಮಸ್ ಬಂತಲ್ರಿ. ನಾನೇ ಹೊಡಿಸೀನಿ.”

“ಮಾಸ್ತರ, ಎರಡ ವರ್ಷದಿಂದ ಈ ಗ್ವಾಡಿ ನೋಡ್ಲಿಕ್ಕಿ ಬರ್ರಿ ಅಂದವ್ರು ನೀವೇ. ಬಣ್ಣಾ ಪರೀಕ್ಷಾ ಮಾಡ್ತೀವಿ ಅಂದ ಮ್ಯಾಲ ಕೆರಸಿದವ್ರೂ ನೀವೇ. ನಾ ಏನಂತ ಬರೀಲಿ ಹೇಳ್ರಿ.”

ಏಕನಾಥ ಗಂಟಲು ಸರಿಮಾಡಿಕೊಂಡ. “ಸಾಹೇಬ್ರ, ಗ್ವಾಡಿ ಮ್ಯಾಲ ಕೆಮ್ಮಣ್ಣಿಲೆ ಬರಿಯೋದು ಮಾಸ್ತರಿಗಿ ಹೊಸದಲ್ರಿ. ಚರ್ಚಿನ ಓಣ್ಯಾಗ ಯಾವ ಮನಿ ಬಾಗಲಾ ನೋಡ್ರಿ, ಅವರದೇ ಅಕ್ಷರಾ. ನಾ ಏನೂ ಅನ್ನಂಗಿಲ್ಲಪ್ಪ. ಇದ್ದದ್ದು ಹೇಳ್ದೆ.”

ಆತ ಏನೂ ಅನ್ನದೆಯೇ ಎಲ್ಲವನ್ನೂ ಅಂದಿದ್ದ. ಪರೀಕ್ಷೆಗೆ ಹೆದರಿ ಮಾಸ್ತರು ತಾವೇ ಬರೆದದ್ದನ್ನು ತಾವೇ ಅಳಿಸಿದರು ಎಂಬ ಮಾತು ಮಧ್ಯಾಹ್ನದ ಊಟದೊಳಗೆ ಊರು ತಿರುಗಿತು.

ಅಜ್ಜನನ್ನು ಬಸ್ಸು ಹತ್ತಿಸಿ ಮಾಸ್ತರು ಮನೆಗೆ ಬಂದಾಗ ಎಸ್ತರಮ್ಮ ಬಾಗಿಲಲ್ಲೇ ಕಾದಿದ್ದಳು.

“ನನಗ ಬಯ್ರಿ.”

ಅವರು ಕೋಟು ಬಿಚ್ಚಿ ಮೊಳೆಗೆ ಹಾಕಿದರು. ಕೀಲಿಯನ್ನೂ ಹಾಕಿದರು. “ಉಣ್ಣಲಿಕ್ಕಿ ಹಾಕು.”

“ನೀವು ಒಂದ ಮಾತ ಹೇಳಿದ್ರ ನಾ ಮುಟ್ತಿದ್ದಿಲ್ರಿ. ಇಷ್ಟ ವರ್ಷದಾಗ ಒಂದ ಮಾತ.”

“ಹೂಂ. ಹೇಳಬೇಕಾಗಿತ್ತು,” ಎಂದರು ಅವರು. ಸಿಟ್ಟಿನಿಂದಲ್ಲ, ತಪ್ಪು ಲೆಕ್ಕ ತಿದ್ದುವಾಗ ಮಾಸ್ತರುಗಳು ಹೇಳುವ ಹಾಗೆ. ಎರಡು ರೊಟ್ಟಿ ತಿಂದು ಕೈ ತೊಳೆದರು.

ಬಯ್ದದ್ದು ಆಲ್ವಿನ. ಅದೂ ಅಡುಗೆಮನೆಯಲ್ಲಿ, ತಗ್ಗಿದ ದನಿಯಲ್ಲಿ. “ಮಮ್ಮಿ, ಆ ಕಟ್ಟಡಾ ಬೀಳ್ಲಿ ಅಂತ ನಾನೇ ಪ್ರಾರ್ಥನಾ ಮಾಡ್ತಿದ್ದೆ, ಖರೆ. ಆದ್ರ ಹಿಂಗ ಬೀಳ್ಲಿ ಅಂತ ಅಲ್ಲ. ಡಬ್ಬಾದ ಮುಂದ ಮಂದಿ ನಿಂತು ‘ನಿಮ್ಮಪ್ಪ ಭಾರಿ ಕಲಾವಿದ ಬಿಡಪ್ಪ’ ಅಂತಾರ. ನೀ ಅಲ್ಲೇ ನಿಂತಿದ್ದಿ. ಯಾಕ ಸುಮ್ಮನಿದ್ದಿ?”

“ಅವರು ಬಿಡ್ಲಿಲ್ಲೋ.”

“ಒಂದ ಮಾತಿಗಿ ಯಾರ್ ಬಿಡಬೇಕು?”

ಎಸ್ತರಮ್ಮ ಮಾರನೇ ವಾರ ಮನೆಯಲ್ಲಿ ಯಾರಿಗೂ ಹೇಳದೆ ಬೀದರಿನ ಬಸ್ಸು ಹತ್ತಿದಳು. ಕಚೇರಿಯ ಬೆಂಚಿನ ಮೇಲೆ ಮೂರು ತಾಸು ಕೂತಳು. ಅಮಿತಕುಮಾರ ಬಂದವನೇ ಗುರುತು ಹಿಡಿದು ಒಳಗೆ ಕರೆದುಕೊಂಡು ಹೋದ, ಛಾ ತರಿಸಿದ.

“ಸರ್, ಸುಣ್ಣಾ ಹೊಡದದ್ದು ನಾನು. ಅವರು ಔರಾದಕ್ಕ ಹೋಗಿದ್ರು. ಬಸ್ಸಿನ ಟಿಕೇಟ ತಂದೀನಿ, ನೋಡ್ರಿ. ಸುಣ್ಣದಾಕಿ ಜನಾಬಾಯಿ ಸಾಕ್ಷಿ ಹೇಳ್ತಾಳ. ಅವರು ಸುಳ್ಳ ಬರಿಯೋ ಮನಷಾ ಅಲ್ರಿ.”

ಹುಡುಗ ಟಿಕೇಟನ್ನು ತಿರುಗಿಸಿ ತಾರೀಖು ನೋಡಿದ. “ಅಮ್ಮಾ, ನಿಮ್ಮ ಮಾತು ನಾ ನಂಬ್ತೀನ್ರಿ. ಆದ್ರ ಯಾರ್ ಹೊಡದ್ರು ಅಂತ ಬರೀಲಿಕ್ಕಿ ಈ ಕಾಗದದಾಗ ಜಾಗಾನೇ ಇಲ್ಲ. ಗ್ವಾಡಿ ಮ್ಯಾಲ ಬರಹ ಅದ ಏನು, ಇಲ್ಲ ಏನು, ಇಷ್ಟೇ ಅದ. ಇಲ್ಲ ಅಂತ ಬರದು ಕಳಸೀನಿ.”

“ಮತ್ತ ಅವರ ಹೆಸರು?”

“ಅವರ ಮ್ಯಾಲ ನಾ ಏನೂ ಬರದಿಲ್ರಿ.”

“ನೀವು ಬರದಿಲ್ಲ,” ಎಂದಳು ಎಸ್ತರಮ್ಮ. “ಊರು ಬರದದ.” ಟಿಕೇಟನ್ನು ಮಡಚಿ ಮತ್ತೆ ಪರ್ಸಿನಲ್ಲಿಟ್ಟುಕೊಂಡಳು. ಛಾ ಆರಿ ಹೋಗಿತ್ತು. ಬಿಡುವುದು ಸರಿಯಲ್ಲವೆಂದು ಕುಡಿದಳು.

ಕ್ರಿಸ್ಮಸ್ಸಿನ ಕರ್ಚಿಕಾಯಿಯನ್ನು ಸುಜಿಯೇ ಕರಿದಳು. ಪ್ರತಿ ವರ್ಷ ತಟ್ಟೆ ಹಿಡಿದು ಮನೆಮನೆ ತಿರುಗುತ್ತಿದ್ದ ಎಸ್ತರಮ್ಮ ಈ ಸಲ ಜೆನಿಫರಳನ್ನು ಕಳಿಸಿದಳು. ಇಪ್ಪತ್ತೆಂಟನೇ ತಾರೀಖು ಥೇಟರಿನ ತಗಡು ಇಳಿಸಿದರು. ಪಾರಿವಾಳಗಳು ಸ್ಟೇಷನ್ನಿನ ಮೇಲೆ ಎರಡು ದಿನ ಸುತ್ತಿದವು. ತಗಡು ಇಳಿದ ಮೇಲೆ ಒಳಗಿನ ಬಿಳಿ ಗೋಡೆ ರಸ್ತೆಗೇ ಕಾಣುತ್ತಿತ್ತು. ಆ ದಾರಿ ಬಿಟ್ಟು ಎಸ್ತರಮ್ಮ ಸುತ್ತು ಹಾಕಿ ಸಂತೆಗೆ ಹೋಗತೊಡಗಿದಳು. ಮೂವತ್ತರ ಬೆಳಿಗ್ಗೆ ಯಂತ್ರ ಬಂತು. ಗಚ್ಚಿನ ಗೋಡೆ ಗಟ್ಟಿ ಇದ್ದವು, ಸಂಜೆಯವರೆಗೆ ಹಿಡಿಯಿತು ಎಂದು ಜನಾಬಾಯಿ ಬಂದು ಹೇಳಿ, ಹೇಳಬಾರದಿತ್ತೆಂದು ನಾಲಿಗೆ ಕಚ್ಚಿಕೊಂಡಳು.

ಅದೇ ಸಂಜೆ ಆಲ್ವಿನ ಡಬ್ಬಾ ಮುಚ್ಚಿ ಬೇಗ ಬಂದ. ಕೂತ. ಅಂಗಡಿಗಳ ಪಟ್ಟಿ ಹಚ್ಚಿದ್ದರು.

“ಎಷ್ಟನೇ ನಂಬರ ಬಂತ್ರಿ?” ಎಂದಳು ಸುಜಿ.

“ನನ್ನ ಹೆಸರೇ ಇಲ್ಲ. ಕೇಳ್ದೆ. ಎರಡ ವರ್ಷ ನಿಮ್ಮಪ್ಪ ಅಡ್ಡಾ ನಿಂತ್ರು, ಈಗ ಮಗಗ ಅಂಗಡಿ ಕೊಡ್ಲೇನು ಅಂದಾ ಏಕನಾಥ.”

ಮಾಸ್ತರು ಕಿಟಕಿಯ ಬಳಿ ಕೂತಿದ್ದರು. ಮಗನ ಕಡೆ ತಿರುಗಿದರು. ಏನಾದರೂ ಅನ್ನುತ್ತಾರೇನೋ ಎಂದು ಆಲ್ವಿನ ಕಾದ. ಜಗಳಕ್ಕಾದರೂ ಸರಿ ಎನ್ನುವ ಹಾಗೆ ಕಾದ. ಅವರು ತಮ್ಮ ತಟ್ಟೆಯಲ್ಲಿದ್ದ ಕರ್ಚಿಕಾಯಿಯನ್ನು ಮಗನ ಮುಂದೆ ಸರಿಸಿದರು, ಅಷ್ಟೇ.

ಮೂವತ್ತೊಂದು ಬಂತು. ವಚನ ಬರೆಯುವ ದಿನ. ಬೆಳಿಗ್ಗೆಯಿಂದ ಓಣಿಯ ಒಬ್ಬರೂ ಸ್ಟೂಲು ತನ್ನಿ ಮಾಸ್ತರ ಎಂದು ಕರೆಯಲು ಬರಲಿಲ್ಲ.

“ಆಯಿ,” ಎಂದಳು ಜೆನಿಫರ, “ಎಲ್ಲಾರೂ ಬೀದರಿಂದ ಸ್ಟಿಕ್ಕರ್ ತರಿಸ್ಯಾರ. ಬಂಗಾರದ ಅಕ್ಷರದ್ದು. ಬಾಗಲಿಗಿ ಹಚ್ಚಲಕತ್ಯಾರ.”

“ಹಚ್ಲಿ. ತಾತಗ ಹೇಳಬ್ಯಾಡ.”

“ತಾತಾನೇ ನೋಡ್ಯಾರ.”

ಮಧ್ಯಾಹ್ನ ಊಟವಾದ ಮೇಲೆ ಎಸ್ತರಮ್ಮ ಬಟ್ಟಲಿನಲ್ಲಿ ಕೆಮ್ಮಣ್ಣು ಕಲೆಸಿದಳು. ತೆಳ್ಳಗಾಗದಂತೆ, ಗಟ್ಟಿಯಾಗದಂತೆ, ಅವರು ಕಲೆಸುತ್ತಿದ್ದ ಹಾಗೆಯೇ. ಕುಂಚ ತೊಳೆದಳು. ಸ್ಟೂಲನ್ನು ತಾನೇ ಎತ್ತಿ ತಂದು ತಲೆಬಾಗಿಲ ಕೆಳಗೆ ಇಟ್ಟಳು. ಬಾಗಿಲ ಮೇಲಿನ ಗೋಡೆ ತಿಂಗಳ ಮೊದಲ ವಾರ ಸುಣ್ಣ ಕಂಡದ್ದು. ಮೂರು ವಾರದ ಬಿಸಿಲು ಕುಡಿದು ಕೊಕ್ಕರೆಯಂತೆ ಬೆಳ್ಳಗಿತ್ತು.

“ರೀ,” ಎಂದಳು. “ನಮ್ಮ ಮನಿದಾದ್ರೂ ಬರೀರಿ.”

ಮಾಸ್ತರು ಎದ್ದು ಬಂದರು. ಕುಂಚ ತೆಗೆದುಕೊಂಡರು. ಸ್ಟೂಲಿನ ಮೇಲೆ ಹತ್ತಿ ನಿಂತರು. ಅವಳು ಬೀಳಬಾರದೆಂದು ಅವರ ಕಾಲ ಬಳಿ ಸ್ಟೂಲು ಹಿಡಿದುಕೊಂಡಳು. ಅವರು ಎಡಗೈಯನ್ನು ಚಾಚಿ ಅಂಗೈಯನ್ನು ಗೋಡೆಗೆ ಒತ್ತಿ ಇಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

“ಇನ್ನಾ ಹಸಿ ಅದ,” ಎಂದರು ಕೊನೆಗೆ. “ಒಣಗ್ಲಿ.”

ಕೆಳಗಿಳಿದು, ಅಂಗೈಗೆ ಹತ್ತಿದ ಬಿಳಿಯ ಪುಡಿಯನ್ನು ಧೋತರಕ್ಕೆ ಒರೆಸಿಕೊಂಡು ಒಳಗೆ ಹೋದರು.

“ಹೂಂ,” ಎಂದಳು ಎಸ್ತರಮ್ಮ. “ಒಣಗ್ಲಿ ತಗೋರಿ.”

ಸ್ಟೂಲನ್ನು ಅವಳು ತೆಗೆಯಲಿಲ್ಲ. ಸಂಜೆ ಚರ್ಚಿನ ಗಂಟೆ ಹೊಡೆದಾಗ ಸುಜಿ, ಆಲ್ವಿನ, ಹೊಸ ಫ್ರಾಕಿನ ಜೆನಿಫರ ಒಬ್ಬೊಬ್ಬರಾಗಿ ಹೊರಗೆ ಬಂದು, ಬಟ್ಟಲಿನಲ್ಲಿ ಬಿರುಕು ಬಿಟ್ಟ ಕೆಮ್ಮಣ್ಣನ್ನು ನೋಡಿ, ಸ್ಟೂಲಿಗೆ ಬಟ್ಟೆ ತಾಗದಂತೆ ಪಕ್ಕಕ್ಕೆ ಸರಿದು ಇಳಿದು ಹೋದರು.